ವಿದ್ಯುನ್ಮಾನ ಪೇಟೆಯ ಗುರುತಿನ ಭಾಷೆಯೂ ನಮ್ಮ ಮಾಲಿನ ಧಾರಣೆಯೂ

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಊರ ಮುಖಂಡರಿಗೂ ಜಮೀನುದಾರರಿಗೂ)

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಎರೆಭೂಮಿಯು ಹತ್ತಿ, ಬಿಳಿಜೋಳ, ಕಡಲೆ, ಗೋದಿಗಳಿಗೆ ಹೆಸರಾದುದೆಂಬದು ವಾಚಕರಿಗೆ ತಿಳಿದ ಸಂಗತಿಯೇ ಸರಿ. ಈಚಿನ ವರ್ಷಗಳಲ್ಲಿ ಸೋಯಾ ಅವರೆ, ಗೋವಿನಜೋಳ, ಹೆಸರು ಇವೂ, ಮಲಪ್ರಭೆಯ ನೀರು ಹಾಯುವಲ್ಲಿ ಕಬ್ಬೂ ಇವುಗಳ ಜೊತೆಗೆ ಸೇರಿಕೊಂಡಿರುತ್ತವೆ. ಭೂಮಿಯನ್ನು ಹದ ಮಾಡುವದು, ಬೀಜವನ್ನು ಆರಿಸುವದು, ಗೊಬ್ಬರ ಹಾಕುವದು ಇವುಗಳ ವಿಷಯವಾಗಿ ಈ ಪತ್ರಿಕೆಯಲ್ಲಿ ಲೇಖನಗಳು ಬರುತ್ತಲೇ ಇರುತ್ತವೆ. ಆದರೆ ಒಕ್ಕಲಿಗನ ಕೆಲಸವು ರಾಶಿಯಾದ ದಿವಸಕ್ಕೆ ಮುಗಿಯುವದಿಲ್ಲ. ಕಣದಲ್ಲಿ ಕಾಳು ಬಿದ್ದ ಮೇಲೆ ಅದಕ್ಕೆ ತಕ್ಕ ಬೆಲೆಯು ಕೈಗೆ ಬರುವ ತನಕ ಅವನ ಶ್ರಮವು ಪೂರ್ಣವಾಯಿತೆಂದು ಹೇಳಲಾಗದು.

ಮಾರಾಟದ ರೀತಿಯು ಈಗ ಬಹಳ ಮಟ್ಟಿಗೆ ಬದಲಾಗಿದೆ. ಮೊದಲು ಪೇಟೆಯಲ್ಲಿ ಅಡತಿಯವನ ಅಂಗಡಿಯ ಮುಂದೆ ರಾಶಿಯನ್ನು ಸುರಿದು, ವ್ಯಾಪಾರಿಗಳು ಕೈಯಲ್ಲಿ ಕಾಳು ಹಿಡಿದು ನೋಡಿ, ಬಾಯಿಂದ ಸವಾಲು ಕೂಗುತ್ತಿದ್ದರು. ಈಗ ಧಾರಣೆಯನ್ನು ಗಣಕಯಂತ್ರದಲ್ಲಿ ಬರೆಯುತ್ತಾರೆ. ವ್ಯಾಪಾರಿಯು ಗಿರಣಿಗೆ, ಗಿರಣಿಯು ಬ್ಯಾಂಕಿಗೆ, ಬ್ಯಾಂಕು ಸರಕಾರಕ್ಕೆ ಕಳಿಸುವ ಕಾಗದಪತ್ರಗಳಲ್ಲಿ ಬಹುಭಾಗವು ಮನುಷ್ಯನ ಕೈ ಮುಟ್ಟದೆ ಯಂತ್ರದಿಂದ ಯಂತ್ರಕ್ಕೆ ಹೋಗುತ್ತವೆ. ಈ ಯಂತ್ರಗಳು ಯಾವ ಭಾಷೆಯಲ್ಲಿ ಮಾತಾಡುತ್ತವೆ? ಆ ಭಾಷೆಯ ಕಟ್ಟಳೆಯನ್ನು ಯಾರು ಮಾಡುತ್ತಾರೆ? ಅದರಿಂದ ನಮ್ಮ ನಾಲ್ಕು ತಾಲೂಕುಗಳ ಒಕ್ಕಲಿಗನಿಗೆ ಆಗುವ ಲಾಭವೇನು, ಹಾನಿಯೇನು? ಇದನ್ನು ಊರಿನ ಹಿರಿಯರು ಅರಿತಿರುವದು ಅಗತ್ಯವೆಂದು ತಿಳಿದು ಈ ಕೆಲವು ಮಾತುಗಳನ್ನು ಬರೆಯಲಾಗಿದೆ.

ಹಳೆಯ ಕಾಲದ ಗುರುತುಗಳು

ಗುರುತು ಹಚ್ಚಿ ವ್ಯಾಪಾರ ಮಾಡುವದು ಹೊಸದಾದ ಸಂಗತಿಯಲ್ಲ. ಪರಸ್ಪರ ಪರಿಚಯವಿಲ್ಲದ ಇಬ್ಬರು ದೂರದಲ್ಲಿದ್ದುಕೊಂಡು ಕೊಟ್ಟು ಕೊಳ್ಳಬೇಕಾದರೆ ಇಬ್ಬರಿಗೂ ಒಂದೇ ಅರ್ಥವಾಗುವ ಗುರುತುಗಳು ಬೇಕೇ ಬೇಕು. ಧಾರವಾಡ, ಬೆಳಗಾವಿ ಪ್ರಾಂತಗಳ ಹತ್ತಿಯು ಘಟ್ಟ ಇಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿದ್ದ ಕಾಲದಲ್ಲಿ, ಹತ್ತಿಯ ಜಾತಿಗೇ 'ಕುಮಟಾ' ಎಂಬ ಹೆಸರು ನಿಂತಿತು. ಮುಂಬಯಿಯ ವ್ಯಾಪಾರಿಯು ನಮ್ಮ ಹೊಲವನ್ನು ಎಂದೂ ಕಂಡವನಲ್ಲ. ಆದರೆ 'ಕುಮಟಾ' ಎಂಬ ಒಂದು ಮಾತಿನಿಂದಲೇ ಅವನು ಎಳೆಯ ಉದ್ದ, ಬಣ್ಣ, ಸ್ವಚ್ಛತೆಗಳನ್ನು ಊಹಿಸುತ್ತಿದ್ದನು.

ಗುರುತಿನ ಮೇಲಿನ ನಂಬಿಕೆ ಕೆಟ್ಟರೆ ಇಡಿಯ ಸೀಮೆಯ ಮಾಲಿಗೆ ಬೆಲೆ ತಗ್ಗುತ್ತದೆ. ಅಮೇರಿಕೆಯ ಅಂತಃಕಲಹದ ಕಾಲಕ್ಕೆ ಹತ್ತಿಯ ಧಾರಣೆಯು ವಿಪರೀತ ಏರಿದಾಗ ಹತ್ತಿಯಲ್ಲಿ ಕಲಬೆರಕೆ ಮಾಡುವವರು ಹೆಚ್ಚಿದ್ದರಿಂದ, ಮುಂಬಯಿ ಸರಕಾರವು ೧೮೬೩ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಕಾಯಿದೆಯನ್ನು ಮಾಡಬೇಕಾಯಿತು. ಮುಂದೆ ೧೯೨೫ರ ಜಿನ್ನಿಂಗ್ ಹಾಗೂ ಪ್ರೆಸ್ಸಿಂಗ್ ಕಾರಖಾನೆಗಳ ಕಾಯಿದೆಯು ಪ್ರತಿಯೊಂದು ಬೇಲಿನ ಮೇಲೆ ಪ್ರೆಸ್ಸಿನ ಗುರುತನ್ನೂ ಅನುಕ್ರಮ ಸಂಖ್ಯೆಯನ್ನೂ ಹಾಕತಕ್ಕದ್ದೆಂದು ವಿಧಿಸಿತು. ಬೇಲು ಎಷ್ಟೇ ದೂರದ ಗಿರಣಿಯಲ್ಲಿ ಬಿಚ್ಚಲ್ಪಟ್ಟರೂ ಅದನ್ನು ಅದುಮಿದ ಕಾರಖಾನೆಯನ್ನು ಕಂಡುಹಿಡಿಯಲು ಇದರಿಂದ ಅನುಕೂಲವಾಯಿತು. ೧೯೩೭ರ ಕಾಯಿದೆಯಿಂದ ಒಕ್ಕಲುತನದ ಮಾಲುಗಳಿಗೆ ದರ್ಜೆಗಳನ್ನು ಗೊತ್ತುಮಾಡಿ 'ಅಗ್‌ಮಾರ್ಕ್' ಮುದ್ರೆಯನ್ನು ಒತ್ತುವ ಪದ್ಧತಿಯು ಬಂದಿತು.

ಹುಂಡಿಯನ್ನು ಬರೆಯುವಾಗಲೂ ಇದೇ ಎಚ್ಚರಿಕೆಯನ್ನು ನಮ್ಮ ಸಾವಕಾರರು ವಹಿಸುತ್ತಿದ್ದರು. ರೂಪಾಯಿ ಒಂದು ನೂರು ಎಂದಷ್ಟೇ ಬರೆಯದೆ, ಅದರ ಅರ್ಧವಾದ ಐವತ್ತನ್ನೂ ಬರೆದು ನಡುವೆ ಯಾರೂ ಸೊನ್ನೆ ಸೇರಿಸದಂತೆ ಮಾಡುತ್ತಿದ್ದರು. ಇನ್ನು ಏಳು-ಹನ್ನೆರಡರ ಉತಾರವಂತೂ ಪ್ರತಿಯೊಬ್ಬ ಜಮೀನುದಾರನ ಪೆಟ್ಟಿಗೆಯಲ್ಲಿದ್ದ ಕಾಗದವು. ಯಾವ ಮನೆಯಲ್ಲಿ ಕಬ್ಜೆದಾರನ ಹೆಸರು, ಯಾವ ಮನೆಯಲ್ಲಿ ಕ್ಷೇತ್ರ, ಯಾವ ಮನೆಯಲ್ಲಿ ಆಕಾರ, ಯಾವ ಮನೆಯಲ್ಲಿ ಬೆಳೆ ಎಂಬದು ನಮೂನೆಯಲ್ಲಿ ಗೊತ್ತಿದ್ದುದರಿಂದ, ಕುಲಕರ್ಣಿಯ ಅಕ್ಷರವು ಹೇಗಿದ್ದರೂ ಮಾಮಲೇದಾರ ಕಚೇರಿಯಲ್ಲಿ ಅದನ್ನು ಓದಲು ಬರುತ್ತಿತ್ತು. ಅರ್ಥವು ಅಕ್ಷರದಲ್ಲಿ ಎಷ್ಟಿತ್ತೋ ಅಷ್ಟೇ ಅದು ಬರೆದ ಸ್ಥಳದಲ್ಲಿಯೂ ಇತ್ತೆಂಬದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮಾತು ತಿಳಿಯಲು ಇದೇ ಕೀಲಿಕೈ.

ಗುರುತಿನ ಭಾಷೆ ಎಂದರೇನು?

ಮನುಷ್ಯನು ಒಂದು ಪಟ್ಟಿಯನ್ನು ಓದಿದಾಗ "ಕಡಲೆ, ನಲವತ್ತು, ಐದು ಸಾವಿರ" ಎಂಬಷ್ಟರಿಂದಲೇ ಮಾಲು ಯಾವದು, ತೂಕವೆಷ್ಟು, ದರವೆಷ್ಟು ಎಂದು ಊಹಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಊಹೆಯಿಲ್ಲ. ನಲವತ್ತು ಚೀಲವೋ, ನಲವತ್ತು ಕ್ವಿಂಟಲೋ ಅದಕ್ಕೆ ತಿಳಿಯದು. ಆದುದರಿಂದ ಪ್ರತಿಯೊಂದು ಮಾತಿನ ಹಿಂದೆ ಮುಂದೆ ಅದು ಏನೆಂಬದನ್ನು ಹೇಳುವ ಚೀಟಿಯನ್ನು ಅಂಟಿಸಬೇಕಾಗುತ್ತದೆ. ಉದಾಹರಣೆಗೆ:

‹ಮಾಲು› ಕಡಲೆ ‹/ಮಾಲು›
‹ತೂಕ ಮಾನ="ಕ್ವಿಂಟಲ್"› ೪೦ ‹/ತೂಕ›
‹ದರ ಮಾನ="ಕ್ವಿಂಟಲಿಗೆ ರೂಪಾಯಿ"› ೫೦೦೦ ‹/ದರ›

ಹೀಗೆ ಮಾತಿಗೆ ಗುರುತು ಹಚ್ಚುವ ಪದ್ಧತಿಗೆ ಗುರುತಿನ ಭಾಷೆಯೆನ್ನುತ್ತಾರೆ. ಇದರ ಮೂಲ ಕಟ್ಟಳೆಯೊಂದು ೧೯೮೬ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಿಂದ ಹೊರಟಿತು. ಅದನ್ನು ಸರಳಗೊಳಿಸಿ, ವಿಶ್ವವ್ಯಾಪಿ ಜಾಲದ ಒಕ್ಕೂಟವು ೧೯೯೮ರ ಫೆಬ್ರುವರಿ ೧೦ನೆಯ ದಿನ 'ಎಕ್ಸ್.ಎಂ.ಎಲ್.' ಎಂಬ ಭಾಷೆಯನ್ನು ಪ್ರಕಟಿಸಿತು. ಈ ಭಾಷೆಯಲ್ಲಿ ಚೀಟಿಯ ಹೆಸರುಗಳು ಇಂಥವೇ ಇರಬೇಕೆಂಬ ನಿಯಮವಿಲ್ಲ. ತೆರೆದ ಚೀಟಿಯನ್ನು ಮುಚ್ಚಬೇಕು, ಒಂದರೊಳಗೊಂದು ಸರಿಯಾಗಿ ಕೂಡಬೇಕು ಎಂಬಂಥ ವ್ಯಾಕರಣ ಮಾತ್ರ ಗೊತ್ತಾಗಿರುತ್ತದೆ. ಮೇಲೆ ಬರೆದಂತೆ ಕನ್ನಡದಲ್ಲಿಯೇ ಹೆಸರಿಡಲಿಕ್ಕೂ ಅದರಲ್ಲಿ ಅಡ್ಡಿಯಿಲ್ಲ.

ಇದಕ್ಕಿಂತ ಮೊದಲೂ ದೊಡ್ಡ ಕಂಪನಿಗಳು ಯಂತ್ರದ ಮೂಲಕ ಬೇಡಿಕೆ, ಪಟ್ಟಿಗಳನ್ನು ಕಳಿಸುತ್ತಿದ್ದವು. ೧೯೮೭ರಲ್ಲಿ ಸಂಯುಕ್ತ ರಾಷ್ಟ್ರಸಂಘದ ಆಶ್ರಯದಲ್ಲಿ 'ಎಡಿಫ್ಯಾಕ್ಟ್' ಎಂಬ ಕಟ್ಟಳೆಯು ಬಂದಿತ್ತು. ಆದರೆ ಅದರ ಸಂದೇಶಗಳು ಬಹು ಬಿಗಿಯಾದ ಸಂಕೇತಗಳಲ್ಲಿದ್ದವು, ಅವನ್ನು ನಡಿಸುವ ಖರ್ಚು ದೊಡ್ಡದು. ಹಡಗಿನ ಕಂಪನಿ, ಮೋಟಾರಿನ ಕಾರಖಾನೆಗಳಂಥ ಧನವಂತರಿಗೆ ಮಾತ್ರ ಅದು ಸಾಧ್ಯವಿತ್ತು. ಗುರುತಿನ ಭಾಷೆಯನ್ನು ಮನುಷ್ಯನೂ ಓದಬಲ್ಲನು, ಸಾಧಾರಣ ಯಂತ್ರವೂ ಓದಬಲ್ಲದು. ಆದುದರಿಂದ ಸಣ್ಣ ವ್ಯಾಪಾರಿಗೂ ಆ ಬಾಗಿಲು ತೆರೆಯಿತು. ಬೆಂಗಳೂರಿನ ಕಂಪನಿಯೊಂದರ 'ಟ್ಯಾಲಿ' ಎಂಬ ಲೆಕ್ಕದ ಸಾಧನವು ನಮ್ಮ ಪೇಟೆಯ ಅಂಗಡಿಗಳಲ್ಲಿಯೂ ಪರಿಚಿತವಷ್ಟೆ. ಅದರೊಳಗಿನ ಲೆಕ್ಕವನ್ನು ಬೇರೆ ಸಾಧನಕ್ಕೆ ಕೊಡುವ, ಬೇರೆಯದರಿಂದ ಪಡೆಯುವ ಮಾರ್ಗಗಳಲ್ಲಿ ಎಕ್ಸ್.ಎಂ.ಎಲ್. ಒಂದಾಗಿರುತ್ತದೆ. ಈಚೆಗೆ 'ಜೇಸನ್' ಎಂಬ ಇನ್ನೂ ಹಗುರವಾದ ಬರಹದ ರೀತಿಯು ಹೆಚ್ಚು ಬಳಕೆಗೆ ಬಂದಿದೆ. ಅದು ಗುರುತಿನ ಭಾಷೆಯ ಜಾತಿಯದಲ್ಲ. ಆದರೂ ಪ್ರತಿಯೊಂದು ಬೆಲೆಗೂ ಒಂದು ಹೆಸರನ್ನು ಕಟ್ಟುವ ತತ್ವವು ಎರಡಕ್ಕೂ ಸಮಾನವಾದುದು.

ಭಾಷೆಯೊಂದಿದ್ದರೆ ಸಾಲದು

ವ್ಯಾಕರಣವು ಒಂದೇ ಇದ್ದು, ಮಾತಿನ ಅರ್ಥವು ಬೇರೆಯಾದರೆ ಮೊದಲಿಗಿಂತ ಹೆಚ್ಚಿನ ಗೊಂದಲವಾಗುವದು. ಇದಕ್ಕೆ ನಮ್ಮ ಹಳೆಯ ತೂಕಗಳೇ ಸಾಕ್ಷಿ. ಮುಂಬಯಿಯ ಮಣವು ೨೮ ಪೌಂಡು, ಮದರಾಸಿನದು ೨೫ ಪೌಂಡು, ಬಂಗಾಲದ ಮಣವು ೮೨ ಪೌಂಡಿಗೂ ಮೇಲೆ. ಮುಂಬಯಿಯ ಹತ್ತಿಯ ಖಂಡಿಯು ೭೮೪ ಪೌಂಡಾದರೆ ಮದರಾಸಿನ ಖಂಡಿಯು ೫೦೦ ಪೌಂಡು. ನೂರು ಖಂಡಿ ಎಂದು ಒಬ್ಬನು ಬರೆದು ಇನ್ನೊಬ್ಬನು ಓದಿದರೆ, ಇಬ್ಬರ ಅಕ್ಷರವೂ ಸರಿಯಾಗಿದ್ದೂ ೨೮,೪೦೦ ಪೌಂಡಿನ ಅಂತರವು ಬೀಳುತ್ತಿತ್ತು! ೧೯೫೬ರ ಕಾಯಿದೆಯಿಂದ ದೇಶಕ್ಕೆಲ್ಲ ಮೆಟ್ರಿಕ್ ತೂಕಗಳು ಬಂದು ಈ ತೊಡಕು ಬಹುಮಟ್ಟಿಗೆ ಬಗೆಹರಿಯಿತು. ಆದರೂ ಅರಳೆಯ ವ್ಯಾಪಾರದಲ್ಲಿ ಇಂದಿಗೂ ಖಂಡಿಯ ದರವನ್ನೇ ಹೇಳುತ್ತಾರೆ. ಈಗ ಅದು ೩೫೬ ಕಿಲೋಗ್ರಾಮೆಂದು ಗೊತ್ತಾಗಿದೆ, ಬೇಲು ೧೭೦ ಕಿಲೋಗ್ರಾಮು.

ಯಂತ್ರದ ವ್ಯಾಪಾರದಲ್ಲಿಯೂ ಇದೇ ಪ್ರಶ್ನೆಯು ಎದ್ದಿತು. ಒಂದು ಕಂಪನಿಯು 'ದರ' ಎಂದು ಬರೆದಲ್ಲಿ ತೆರಿಗೆಯು ಸೇರಿರುತ್ತಿತ್ತು, ಇನ್ನೊಂದರಲ್ಲಿ ಸೇರಿರುತ್ತಿರಲಿಲ್ಲ. ಪ್ರತಿಯೊಬ್ಬ ದೊಡ್ಡ ಖರೀದಿದಾರನೂ ತನ್ನದೇ ಚೀಟಿಗಳನ್ನು ಮಾಡಿಕೊಂಡರೆ, ಅವನಿಗೆ ಮಾರುವ ಹತ್ತು ಜನ ಸಣ್ಣವರು ಹತ್ತು ಬಗೆಯ ನಮೂನೆಗಳನ್ನು ಕಲಿಯಬೇಕು. ಒಂದನ್ನು ಕಲಿತವನು ಆ ಖರೀದಿದಾರನಿಗೇ ಕಟ್ಟುಬೀಳುವನು. ಇದನ್ನು ತಪ್ಪಿಸಲು ರಾಷ್ಟ್ರಸಂಘದ ವ್ಯಾಪಾರ ಮಂಡಲವೂ 'ಓಯಸಿಸ್' ಎಂಬ ಸಂಸ್ಥೆಯೂ ಕೂಡಿ ೧೯೯೯ರಲ್ಲಿ 'ಇಬಿ-ಎಕ್ಸ್.ಎಂ.ಎಲ್.' ಎಂಬ ಕೆಲಸವನ್ನು ಕೈಕೊಂಡು, ೨೦೦೧ರಲ್ಲಿ ಮೊದಲ ಕಟ್ಟಳೆಗಳನ್ನು ಹೊರಡಿಸಿದವು. ಬೇಡಿಕೆ, ರವಾನೆಯ ಚೀಟಿ, ಮುಟ್ಟಿದ ಪಾವತಿ, ಪಟ್ಟಿ ಇವೆಲ್ಲವುಗಳ ಸಾರ್ವತ್ರಿಕ ನಮೂನೆಗಳನ್ನು ಓಯಸಿಸ್ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿತು. ಅವುಗಳ ತಿದ್ದಿದ ಆವೃತ್ತಿಯು ೨೦೧೫ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು. ಯಾರೂ ಹಣ ಕೊಡದೆ ಬಳಸಬಹುದಾದ ನಮೂನೆಗಳಿವು. ಸಾರ್ವಜನಿಕ ಬಾವಿಯಿದ್ದ ಊರಲ್ಲಿ ನೀರಿಗಾಗಿ ಒಬ್ಬನ ಮನೆಯ ಬಾಗಿಲು ಕಾಯಬೇಕಾಗಿಲ್ಲವಷ್ಟೆ. ಸಾರ್ವಜನಿಕ ನಮೂನೆಯ ಉಪಯೋಗವೂ ಅಂಥದೇ.

ನಮ್ಮ ಪೇಟೆಗಳಲ್ಲಿ ಆದ ಮಾರ್ಪಾಡು

ಕರ್ನಾಟಕ ಸರಕಾರವು ತನ್ನ ಮಾರುಕಟ್ಟೆ ಸಮಿತಿಗಳನ್ನು ಒಂದೇ ಜಾಲಕ್ಕೆ ತರುವ ಉದ್ದೇಶದಿಂದ, ಎನ್.ಸಿ.ಡಿ.ಇ.ಎಕ್ಸ್. ಸ್ಪಾಟ್ ಎಕ್ಸ್‌ಚೇಂಜಿನೊಡನೆ ಸಮಪಾಲಿನಲ್ಲಿ 'ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್' ಎಂಬ ಕಂಪನಿಯನ್ನು ಸ್ಥಾಪಿಸಿತು. ೨೦೧೪ರ ಫೆಬ್ರುವರಿ ತಿಂಗಳಲ್ಲಿ ಅದರ 'ಏಕೀಕೃತ ಮಾರುಕಟ್ಟೆ ವೇದಿಕೆ'ಯು ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ರಾಜ್ಯದ ನೂರ ಐವತ್ತಕ್ಕೂ ಮಿಕ್ಕ ಪೇಟೆಗಳು ಅದರಲ್ಲಿ ಸೇರಿದವು.

ಈ ಪದ್ಧತಿಯಲ್ಲಿ ಮಾಲು ಪೇಟೆಯ ಬಾಗಿಲಿಗೆ ಬಂದ ಕೂಡಲೆ ಒಕ್ಕಲಿಗನ ಹೆಸರು, ಊರು, ಮಾಲಿನ ಜಾತಿ, ಚೀಲಗಳ ಸಂಖ್ಯೆ ಇವನ್ನು ಬರೆದುಕೊಂಡು ಒಂದು ಲಾಟ್ ಸಂಖ್ಯೆಯನ್ನು ಕೊಡುತ್ತಾರೆ. ಅನಂತರ ವ್ಯಾಪಾರಿಗಳು ರಾಶಿಯನ್ನು ನೋಡಿ, ಆ ಸಂಖ್ಯೆಯ ಮುಂದೆ ತಮ್ಮ ಧಾರಣೆಯನ್ನು ಗಣಕಯಂತ್ರದಲ್ಲಿ ಗುಪ್ತವಾಗಿ ಬರೆಯುತ್ತಾರೆ. ಒಬ್ಬನು ಬರೆದದ್ದು ಇನ್ನೊಬ್ಬನಿಗೆ ಕಾಣಿಸದು. ಗೊತ್ತಾದ ವೇಳೆಗೆ ಎಲ್ಲಕ್ಕೂ ಹೆಚ್ಚಿನ ಧಾರಣೆಯು ಪ್ರಕಟವಾಗುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಮಾರಲಾರೆನೆನ್ನುವ ಹಕ್ಕು ಒಕ್ಕಲಿಗನಿಗೆ ಇದ್ದೇ ಇರುತ್ತದೆ. ಒಪ್ಪಿದ ಮೇಲೆ ತೂಕ, ಪಟ್ಟಿ, ಹಣ. ಇವೆಲ್ಲವೂ ಆ ಒಂದು ಲಾಟ್ ಸಂಖ್ಯೆಯ ಬೆನ್ನು ಹತ್ತಿಯೇ ನಡೆಯುತ್ತವೆ.

ಕೇಂದ್ರ ಸರಕಾರವು ೨೦೧೬ರ ಏಪ್ರಿಲ್ ೧೪ರಂದು 'ಇ-ನಾಮ್' ಎಂಬ ರಾಷ್ಟ್ರೀಯ ಪೇಟೆಯನ್ನು ಎಂಟು ರಾಜ್ಯಗಳ ೨೧ ಮಂಡಿಗಳಿಂದ ಪ್ರಾರಂಭಿಸಿತು. ಹೀಗಾಗಿ ದೇಶದಲ್ಲಿ ಎರಡು ಜಾಲಗಳಾದವು. ಒಂದರ ಒಳಗಿದ್ದ ವ್ಯಾಪಾರಿಗೆ ಇನ್ನೊಂದರ ಮಾಲು ಕಾಣಿಸದು. ಎರಡು ರೈಲು ಮಾರ್ಗಗಳ ಹಳಿಗಳ ಅಗಲ ಬೇರೆಯಾದರೆ ಜಂಕ್ಷನ್ನಿನಲ್ಲಿ ಮಾಲನ್ನು ಇಳಿಸಿ ಏರಿಸಬೇಕಾಗುವಂಥ ಸ್ಥಿತಿಯಿದು. ೨೦೨೦ರ ಮೇ ೧ರಂದು ಈ ಎರಡೂ ವೇದಿಕೆಗಳನ್ನು ಪರಸ್ಪರ ಕೂಡಿಸಿ, ಆಂಧ್ರದ ಕರ್ನೂಲು ಹಾಗೂ ನಮ್ಮ ಹುಬ್ಬಳ್ಳಿ ಪೇಟೆಗಳ ನಡುವೆ ಶೇಂಗಾ, ಗೋವಿನಜೋಳಗಳ ವ್ಯಾಪಾರವನ್ನು ಮಾಡಿ ತೋರಿಸಲಾಯಿತು.

ಈ ಕೂಡಿಸುವಿಕೆಯು ತಂತಿಯನ್ನು ಜೋಡಿಸಿದಷ್ಟರಿಂದ ಆಗತಕ್ಕದ್ದಲ್ಲ. ಇಲ್ಲಿಯ 'ಗೋವಿನಜೋಳ'ವೂ ಅಲ್ಲಿಯ 'ಮೊಕ್ಕಜೊನ್ನ'ವೂ ಒಂದೇ ಮಾಲೆಂದು ಎರಡೂ ಯಂತ್ರಗಳಿಗೆ ತಿಳಿಯಬೇಕು. ತೇವಾಂಶವನ್ನು ಇಲ್ಲಿ ನೂರಕ್ಕೆ ಇಷ್ಟೆಂದು ಅಳೆದು, ಅಲ್ಲಿ ಬರಿದೇ 'ಒಣಗಿದ್ದು' ಎಂದು ಬರೆದರೆ ನಡೆಯದು. ಇಲ್ಲಿಯ ಲೈಸೆನ್ಸುದಾರನನ್ನು ಅಲ್ಲಿ ಗುರುತಿಸಬೇಕು. ಹಣವು ಯಾರ ಖಾತೆಗೆ ಯಾವಾಗ ಸೇರಬೇಕೆಂಬದಕ್ಕೂ ಒಪ್ಪಂದವಿರಬೇಕು. ಇವಿಷ್ಟೂ ಸರಿಹೋದರೆ ಬೈಲಹೊಂಗಲದ ಕಣದ ಮಾಲಿಗೆ ಬೈಲಹೊಂಗಲದ ನಾಲ್ಕು ವ್ಯಾಪಾರಿಗಳಷ್ಟೇ ಅಲ್ಲದೆ ದೂರದವರೂ ಗಿರಾಕಿಗಳಾಗಬಲ್ಲರು. ಗಿರಾಕಿ ಹೆಚ್ಚಾದಲ್ಲಿ ಧಾರಣೆಯು ಏರುವ ಸಂಭವವುಂಟೆಂಬದನ್ನು ಯಾವ ಒಕ್ಕಲಿಗನಿಗೂ ಕಲಿಸಬೇಕಾಗಿಲ್ಲ.

ಜಿನ್ನಿನಿಂದ ನೂಲಿನ ಗಿರಣಿಗೆ

ಒಕ್ಕಲಿಗನು ಹತ್ತಿಯನ್ನು ಮಾರಿ ಮನೆಗೆ ಹೋದ ಮೇಲೆ ಅದರ ಪ್ರಯಾಣವು ಇನ್ನೂ ಉದ್ದವಾಗಿರುತ್ತದೆ. ಜಿನ್ನಿನಲ್ಲಿ ಕಾಳು ಬೇರ್ಪಟ್ಟು, ಅರಳೆಯು ಬೇಲಾಗಿ, ತಮಿಳುನಾಡಿನಂಥ ದೂರದ ಸೀಮೆಯ ನೂಲಿನ ಗಿರಣಿಗೆ ಹೋಗುತ್ತದೆ. ಈ ಹಾದಿಯಲ್ಲಿ ವ್ಯಾಪಾರಿ ವ್ಯಾಪಾರಿಗಳೊಳಗೆ ಹೋಗುವ ಪಟ್ಟಿಗೆ ಈಗ ಸರಕಾರವೇ ನಮೂನೆಯನ್ನು ಗೊತ್ತುಮಾಡಿದೆ. ಜಿ.ಎಸ್.ಟಿ.ಯ ವಿದ್ಯುನ್ಮಾನ ಪಟ್ಟಿಯು ೨೦೨೦ರ ಅಕ್ಟೋಬರ್ ೧ರಂದು ೫೦೦ ಕೋಟಿ ರೂಪಾಯಿಗೂ ಮೇಲಾದ ವಹಿವಾಟಿನವರಿಗೆ ಕಡ್ಡಾಯವಾಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿದು ೨೦೨೩ರ ಆಗಸ್ಟ್ ೧ರಿಂದ ಐದು ಕೋಟಿಗೂ ಮೇಲಿನವರೆಲ್ಲರಿಗೂ ಅನ್ವಯಿಸಿತು. ಪಟ್ಟಿಯನ್ನು ಗೊತ್ತಾದ ಜೇಸನ್ ನಮೂನೆಯಲ್ಲಿ ಸರಕಾರದ ಯಂತ್ರಕ್ಕೆ ಕಳಿಸಿದರೆ, ಅದು ೬೪ ಅಕ್ಷರಗಳ ಒಂದು ಸಂಖ್ಯೆಯನ್ನೂ ಚೌಕಾಕಾರದ ಮುದ್ರೆಯನ್ನೂ ಕೊಡುತ್ತದೆ. ಆ ಸಂಖ್ಯೆಯಿಲ್ಲದ ಪಟ್ಟಿಯು ಕಡ್ಡಾಯವಿದ್ದವರಿಗೆ ಪಟ್ಟಿಯೇ ಅಲ್ಲ.

ಆ ನಮೂನೆಯಲ್ಲಿ ಮಾಲಿನ ಹೆಸರಿಗಿಂತ ಅಂಕಿಯೇ ಮುಖ್ಯವು. ಹಿಂಜದ ಅರಳೆಗೆ ೫೨೦೧, ಗೋವಿನಜೋಳಕ್ಕೆ ೧೦೦೫, ಸೋಯಾ ಅವರೆಗೆ ೧೨೦೧. ಈ ಅಂಕಿಗಳು ಸುಂಕದ ಕೆಲಸಕ್ಕಾಗಿ ೧೯೮೮ರಿಂದ ಜಗತ್ತಿನಲ್ಲೆಲ್ಲ ನಡೆದುಬಂದ ವರ್ಗೀಕರಣದವು. ತೂಕಕ್ಕೂ ಕ್ವಿಂಟಲಿಗೆ ಒಂದು, ಕಿಲೋಗ್ರಾಮಿಗೆ ಒಂದು, ಬೇಲಿಗೆ ಒಂದು ಸಂಕೇತವಿರುತ್ತದೆ. ೨೦೧೮ರ ಏಪ್ರಿಲ್ ೧ರಿಂದ ಬಂದ ಇ-ವೇ ಬಿಲ್ಲಿನಲ್ಲಿಯೂ ಇವೇ ಅಂಕಿಗಳು. ರಾಜ್ಯದ ಒಳಗಿನ ಸಾಗಾಟಕ್ಕೆ ಅಂದೇ ಅದನ್ನು ಜಾರಿಗೆ ತಂದ ಮೊದಲ ರಾಜ್ಯವು ಕರ್ನಾಟಕವೇ. ಅಂಕಿ ತಪ್ಪಿದರೆ ಲಾರಿಯು ದಾರಿಯ ತಪಾಸಣೆಯಲ್ಲಿ ನಿಲ್ಲುವ ಸಂಭವವುಂಟು. ಲಾರಿ ನಿಂತರೆ ಗಿರಣಿಯ ಹಣ ನಿಲ್ಲುವದು. ಗಿರಣಿಯ ಹಣ ನಿಂತರೆ ಜಿನ್ನಿನವನು ಪೇಟೆಯಲ್ಲಿ ಕೈ ಹಿಂದೆ ತೆಗೆಯುವನು. ಕೊನೆಗೆ ಅದರ ಪೆಟ್ಟು ಹತ್ತಿ ತಂದ ಬಂಡಿಯವನಿಗೇ ತಗಲುವದು.

ಒಂದು ಮಾತು ಸ್ಪಷ್ಟವಾಗಿರಲಿ. ತಾನೇ ಬೆಳೆದ ಮಾಲನ್ನು ಮಾರುವ ಒಕ್ಕಲಿಗನು ಅಷ್ಟಕ್ಕಾಗಿ ಜಿ.ಎಸ್.ಟಿ. ನೋಂದಣಿಯನ್ನು ಮಾಡಿಸಬೇಕಾಗಿಲ್ಲ. ೨೦೧೭ರ ನವೆಂಬರ್ ೧೫ರಿಂದ ಬಂದ ಕಟ್ಟಳೆಯ ಮೇರೆಗೆ ಒಕ್ಕಲಿಗನು ಮಾರಿದ ಹತ್ತಿಯ ತೆರಿಗೆಯನ್ನು ಕೊಂಡ ನೋಂದಾಯಿತ ವ್ಯಾಪಾರಿಯೇ ತುಂಬತಕ್ಕದ್ದು. ಆ ತೆರಿಗೆಯನ್ನು ಒಕ್ಕಲಿಗನ ಪಟ್ಟಿಯಲ್ಲಿ ಕಳೆಯಲು ಯಾರಾದರೂ ನೋಡಿದರೆ ಒಪ್ಪಬಾರದು.

ಕಾಲಮಿಲ್ಲದ ಗುಣಕ್ಕೆ ಬೆಲೆಯಿಲ್ಲ

ಇಲ್ಲಿಯ ತನಕ ಹೇಳಿದ್ದು ಏಕರೂಪದ ನಮೂನೆಯ ಲಾಭಗಳನ್ನು. ಈಗ ಅದರ ಇನ್ನೊಂದು ಮಗ್ಗಲನ್ನು ನೋಡೋಣ. ನಮೂನೆಯಲ್ಲಿ ಯಾವ ಕಾಲಮು ಇದೆಯೋ ಆ ಗುಣವನ್ನು ದೂರದ ಗಿರಾಕಿಯು ನೋಡುತ್ತಾನೆ. ಯಾವ ಕಾಲಮು ಇಲ್ಲವೋ ಆ ಗುಣವು ಅವನ ಮಟ್ಟಿಗೆ ಇಲ್ಲದಂತೆಯೇ. ಬಾಯಿ ಸವಾಲಿನ ಕಾಲದಲ್ಲಿ ಒಳ್ಳೆಯ ಅಡತಿಯವನು "ಇದು ಇಂಥವರ ಹೊಲದ ಕಡಲೆ, ಕಸವಿಲ್ಲದ್ದು" ಎಂದು ಎರಡು ಮಾತು ಹೇಳಿದರೆ ಕ್ವಿಂಟಲಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾಗುತ್ತಿತ್ತು. ಯಂತ್ರದಲ್ಲಿ ಆ ಎರಡು ಮಾತಿಗೆ ಜಾಗವಿಲ್ಲ. ಹತ್ತಿಯನ್ನು ಎಲೆ, ಸಿಪ್ಪೆ ತಗಲದಂತೆ ಮುಂಜಾನೆಯ ಇಬ್ಬನಿ ಆರಿದ ಮೇಲೆ ಬಿಡಿಸಿದ ಹೆಣ್ಣುಮಗಳ ಶ್ರಮವು, ಕಸದ ಪ್ರಮಾಣವನ್ನು ಅಳೆದು ಬರೆಯುವ ಕಾಲಮು ಇದ್ದರೆ ಮಾತ್ರ ಹಣವಾಗುವದು. ಎಲ್ಲ ಲಾಟುಗಳಿಗೂ ಒಂದೇ 'ಮಧ್ಯಮ' ಎಂದು ಬರೆದುಬಿಟ್ಟರೆ ಸ್ವಚ್ಛವಾಗಿ ಬಿಡಿಸಿದವನೂ ಕಸ ಸೇರಿಸಿದವನೂ ಒಂದೇ ದರಕ್ಕೆ ಬೀಳುವರು. ಮರುವರ್ಷ ಸ್ವಚ್ಛವಾಗಿ ಬಿಡಿಸುವವರು ಯಾರು?

ಕಾಲಮಿನೊಳಗಿನ ಒಂದು ಅಂಕಿಯು ಎಷ್ಟು ಜನರ ಬದುಕನ್ನು ಅಲುಗಾಡಿಸಬಲ್ಲದೆಂಬದಕ್ಕೆ ಸೋಯಾ ಅವರೆಯೇ ಉದಾಹರಣೆ. ಬೆಂಬಲ ಬೆಲೆಯ ಖರೀದಿಗೆ ಅದರ ತೇವಾಂಶವು ನೂರಕ್ಕೆ ೧೨ನ್ನು ಮೀರಬಾರದೆಂಬ ನಿಯಮವಿತ್ತು. ೨೦೨೪ರ ಮುಂಗಾರು ಬೆಳೆಗೆ ಕೇಂದ್ರ ಸರಕಾರವು ಅದನ್ನು ೧೫ಕ್ಕೆ ಸಡಿಲಿಸಿತು. ಹದಿನಾಲ್ಕು ತೇವಾಂಶದ ರಾಶಿಯು ಒಂದು ದಿನ ಅಯೋಗ್ಯವಾಗಿದ್ದು ಮರುದಿನ ಯೋಗ್ಯವಾಯಿತು. ಕಾಳು ಮಾತ್ರ ಅದೇ ಕಾಳು. ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿಯೂ ನೂರಕ್ಕೆ ೮ರ ತೇವಾಂಶಕ್ಕೆ ಪೂರ್ಣ ಬೆಲೆ, ೧೨ರ ತನಕ ಕಡಿತ, ಅದಕ್ಕೂ ಮೇಲಾದರೆ ನಿರಾಕರಣೆ ಎಂಬ ಕ್ರಮವಿದೆ.

ಕಟ್ಟಳೆಗೆ ಸರಿಯಾಗಿ ಮಾಲು ಮಾಡಬಲ್ಲವರಿಗೆ ಅದೇ ಕಟ್ಟಳೆಯು ಕಾವಲೂ ಆಗುತ್ತದೆ. ಕಿತ್ತೂರಿಗೆ ಸಮೀಪದ ಗರಗದಲ್ಲಿ ನೆಯ್ದ ಖಾದಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ರಾಷ್ಟ್ರಧ್ವಜ ಇವುಗಳ ಹೆಸರು ದೇಶಕ್ಕೆಲ್ಲ ತಿಳಿದಿದೆ. ಧ್ವಜದ ಬಟ್ಟೆಗೆ ಭಾರತೀಯ ಮಾನಕಗಳಲ್ಲಿ ಮೊದಲನೆಯ ಸಂಖ್ಯೆಯ ಮಾನಕವೇ ಇದೆ. ನೂಲು, ತೂಕ, ಬಣ್ಣ, ಅಳತೆ ಎಲ್ಲವೂ ಅದರಲ್ಲಿ ಗೊತ್ತಾಗಿವೆ. ಆ ಕಠಿಣವಾದ ಅಳತೆಗೆ ನಿಂತದ್ದರಿಂದಲೇ ನಮ್ಮ ಸೀಮೆಯ ನೇಕಾರರ 'ಉತ್ತಮ' ಎಂಬ ಮಾತಿಗೆ ದೂರದಲ್ಲಿಯೂ ಬೆಲೆ ಬಂದಿತು. ಆದುದರಿಂದ ನಮೂನೆಯನ್ನು ಬೈಯುವದರಿಂದ ಪ್ರಯೋಜನವಿಲ್ಲ. ನಮ್ಮ ಮಾಲಿನ ಒಳ್ಳೆಯ ಗುಣಗಳಿಗೆ ಅದರಲ್ಲಿ ಕಾಲಮುಗಳಿರುವಂತೆಯೂ, ಆ ಕಾಲಮುಗಳನ್ನು ಅಳೆದು ತುಂಬುವಂತೆಯೂ ನೋಡಿಕೊಳ್ಳುವದೇ ಬುದ್ಧಿವಂತಿಕೆಯು.

ಹೆಸರು, ಊರು, ಉತಾರ

ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಸವದತ್ತಿ ಎಂದರೂ ಸೌಂದತ್ತಿ ಎಂದರೂ ನಮಗೆ ಒಂದೇ ಊರು, ಯಂತ್ರಕ್ಕೆ ಎರಡು. ೨೦೧೪ರ ನವೆಂಬರ್ ೧ರಿಂದ ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿಯೂ 'ಬೆಳಗಾವಿ'ಯಾಗಿದ್ದರೂ 'ಬೆಲಗಾಮ್' ಎಂದೇ ಉಳಿದ ಹಳೆಯ ಕಾಗದಗಳು ಎಷ್ಟೋ. ಹೊಸೂರು ಎಂಬ ಹೆಸರಿನ ಹಳ್ಳಿ ಯಾವ ಸೀಮೆಯಲ್ಲಿಲ್ಲ? ಇದಕ್ಕಾಗಿಯೇ ಪ್ರತಿಯೊಂದು ಗ್ರಾಮಕ್ಕೂ ಸರಕಾರವು ಒಂದು ಅಂಕಿಯನ್ನು ಕೊಟ್ಟಿದೆ. ಕನ್ನಡದ ಅಕ್ಷರಗಳಿಗೂ ೧೯೯೧ರ 'ಯೂನಿಕೋಡ್' ಕಟ್ಟಳೆಯಲ್ಲಿ ಸ್ಥಾನ ದೊರೆತಿರುವದರಿಂದ, ಒಂದು ಯಂತ್ರದಲ್ಲಿ ಬರೆದ ಕನ್ನಡವನ್ನು ಇನ್ನೊಂದು ಯಂತ್ರವು ಓದಲು ಅಡ್ಡಿಯಿಲ್ಲ.

ಹೆಚ್ಚಿನ ತೊಂದರೆ ಬರುವದು ಮನುಷ್ಯರ ಹೆಸರಿನಿಂದ. ಉತಾರದಲ್ಲಿ ತೀರಿಹೋದ ತಂದೆಯ ಹೆಸರು, ಆಧಾರದಲ್ಲಿ ಅಡ್ಡಹೆಸರಿಲ್ಲದ ಮಗನ ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಬೇರೆಯೇ ಕಾಗುಣಿತ. ಇಂಥ ಮನೆತನಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಶಾನುಭೋಗರ ಕಾಲದಲ್ಲಿ "ಇವನು ಅವನ ಮಗ" ಎಂದು ಹಿರಿಯರು ಒಂದು ಮಾತು ಹೇಳಿದರೆ ಕೆಲಸವಾಗುತ್ತಿತ್ತು. ಈಗ ಕರ್ನಾಟಕದಲ್ಲಿ 'ಫ್ರೂಟ್ಸ್' ಎಂಬ ರೈತರ ನೋಂದಣಿಯಿದ್ದು, ಅದರ ಸಂಖ್ಯೆಯ ಕೆಳಗೆ ಉತಾರ, ಆಧಾರ, ಬ್ಯಾಂಕ್ ಖಾತೆಗಳು ಕೂಡುತ್ತವೆ. ಬೆಂಬಲ ಬೆಲೆಗೆ ಮಾರಲು ಹೋದವನಿಗೆ ಕೇಳುವದು ಅದನ್ನೇ. ವಾರಸಾ ಹಚ್ಚದ ಹೊಲದ ಬೆಳೆಯು ಎಷ್ಟು ಚೆನ್ನಾಗಿದ್ದರೂ ಖರೀದಿಯ ಕೇಂದ್ರದಿಂದ ಹಿಂದಿರುಗುವ ಪ್ರಸಂಗ ಬರುತ್ತದೆ; ಅಷ್ಟರಲ್ಲಿ ಹೊರಗಿನ ಧಾರಣೆ ಇಳಿದಿರುತ್ತದೆ.

ಜಮೀನುದಾರರು ಮನಸ್ಸಿಗೆ ಹಚ್ಚಿಕೊಳ್ಳಬೇಕಾದ ಇನ್ನೊಂದು ಸಂಗತಿಯಿದೆ. ಹೊಲವನ್ನು ಪಾಲಿಗೋ ಲಾವಣಿಗೋ ಮಾಡುವವನ ಹೆಸರು ಬಹುಸಾರೆ ಯಾವ ಕಾಲಮಿನಲ್ಲಿಯೂ ಇರುವದಿಲ್ಲ. ಉಳುವವನು ಅವನು, ಲಾಟ್ ಬರೆಯುವದು ಧಣಿಯ ಹೆಸರಿನಲ್ಲಿ, ಹಣ ಬೀಳುವದು ಧಣಿಯ ಖಾತೆಯಲ್ಲಿ. ಯಂತ್ರವು ಬರೆಯದ ಈ ಋಣವನ್ನು ಧಣಿಯು ತನ್ನ ಮನಸ್ಸಿನಲ್ಲಿ ಬರೆದಿಟ್ಟುಕೊಂಡು, ಹಣ ಬಂದ ವಾರದೊಳಗೆ ಪಟ್ಟಿಯನ್ನು ತೋರಿಸಿ ಪಾಲನ್ನು ಕೊಡುವದು ಧರ್ಮವೂ ಹೌದು, ವ್ಯವಹಾರವೂ ಹೌದು.

ಮುಖಂಡರೂ ಜಮೀನುದಾರರೂ ಮಾಡತಕ್ಕ ಕೆಲಸಗಳು

(೧) ತೀರಿಹೋದವರ ಹೆಸರಿನಲ್ಲಿ ಉಳಿದ ಉತಾರಗಳ ಯಾದಿಯನ್ನು ಊರಿನಲ್ಲಿ ಮಾಡಿ, ಬಿತ್ತಿಗೆಗೆ ಮೊದಲೇ ವಾರಸಾ ಹಚ್ಚಿಸುವದು.

(೨) ಉತಾರ, ಆಧಾರ, ಬ್ಯಾಂಕ್ ಪುಸ್ತಕ ಮೂರರಲ್ಲಿಯೂ ಹೆಸರಿನ ಕಾಗುಣಿತವನ್ನು ಒಂದೇ ಮಾಡಿಸಿ, ಫ್ರೂಟ್ಸ್ ಸಂಖ್ಯೆಯನ್ನು ಪಡೆಯುವದು. ಹೊಲವು ಎರಡು ಊರುಗಳಲ್ಲಿದ್ದರೆ ಎರಡೂ ಅದರಲ್ಲಿ ಸೇರಿವೆಯೇ ಎಂದು ನೋಡುವದು.

(೩) ಬೆಳೆ ಸಮೀಕ್ಷೆಯ ಕಾಲಕ್ಕೆ ಹೊಲದಲ್ಲಿ ನಿಂತ ಬೆಳೆಯೇ ದಾಖಲಾಗಿದೆಯೆಂದು ಖಚಿತ ಮಾಡಿಕೊಳ್ಳುವದು. ಕಡಲೆ ಬಿತ್ತಿದ ಹೊಲಕ್ಕೆ ಜೋಳವೆಂದು ಬರೆದಿದ್ದರೆ ಕಡಲೆಯನ್ನು ಬೆಂಬಲ ಬೆಲೆಗೆ ಮಾರುವಾಗ ತೊಡಕಾಗುವದು.

(೪) ಒಣಗಿದ ಮಾಲನ್ನೂ ಹಸಿಯ ಮಾಲನ್ನೂ, ಮೊದಲ ಬಿಡಿಸುವಿಕೆಯ ಹತ್ತಿಯನ್ನೂ ಕಡೆಯದನ್ನೂ ಕೂಡಿಸದೆ ಬೇರೆ ಬೇರೆ ಲಾಟುಗಳಾಗಿ ತರುವದು. ಕೂಡಿಸಿದ ರಾಶಿಗೆ ಕೀಳಿನ ದರವೇ ಬರುವದು. ಊರಿಗೆ ಒಂದಾದರೂ ತೇವಾಂಶ ಅಳೆಯುವ ಯಂತ್ರವನ್ನು ಸಹಕಾರಿ ಸಂಘವಾಗಲಿ ರೈತ ಉತ್ಪಾದಕ ಕಂಪನಿಯಾಗಲಿ ಇಟ್ಟುಕೊಂಡರೆ, ಪೇಟೆಯಲ್ಲಿ ಹೇಳಿದ ಅಂಕಿಯನ್ನು ತಾಳೆ ನೋಡಲು ಬರುವದು.

(೫) ಪೇಟೆಯ ಬಾಗಿಲಲ್ಲಿ ಕೊಟ್ಟ ಚೀಟಿಯನ್ನು ಕಿಸೆಗೆ ಹಾಕುವ ಮುಂಚೆ ಓದಿ ನೋಡುವದು, ಓದು ಬಾರದವರಿಗೆ ಓದಿ ಹೇಳುವದು. ಹೆಸರು, ಮಾಲಿನ ಜಾತಿ, ಚೀಲಗಳ ಸಂಖ್ಯೆ ಇವುಗಳಲ್ಲಿ ಯಾವದು ತಪ್ಪಿದ್ದರೂ ಅಲ್ಲಿಯೇ ತಿದ್ದಿಸಬೇಕು. ಧಾರಣೆ ಬರೆದ ಮೇಲೆ ತಿದ್ದುವದು ಕಷ್ಟ. ಮಾರಿದ ಮೇಲೆ ಅಚ್ಚಾದ ಪಟ್ಟಿಯನ್ನೇ ಪಡೆಯಬೇಕು, ಬಿಳಿ ಹಾಳೆಯ ಮೇಲಿನ ಲೆಕ್ಕಕ್ಕೆ ಒಪ್ಪಬಾರದು.

(೬) ಮಾಲಿನ ಗುಣವನ್ನು ಅಳೆಯದೆ ಎಲ್ಲಕ್ಕೂ ಒಂದೇ ದರ್ಜೆಯನ್ನು ಬರೆಯುವ ರೂಢಿಯಿದ್ದಲ್ಲಿ, ಮಾರುಕಟ್ಟೆ ಸಮಿತಿಗೆ ಲಿಖಿತವಾಗಿ ಅರ್ಜಿ ಕೊಟ್ಟು ಪರೀಕ್ಷಾಲಯವನ್ನು ನಡಿಸುವಂತೆ ಕೇಳುವದು. ಸಮಿತಿಯಲ್ಲಿ ಒಕ್ಕಲಿಗರ ಪ್ರತಿನಿಧಿಗಳಾದವರು ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತತಕ್ಕದ್ದು.

(೭) ಊರಿನ ಓದಿದ ತರುಣರಲ್ಲಿ ಒಬ್ಬಿಬ್ಬರಿಗೆ ಈ ಕೆಲಸವನ್ನು ಕಲಿಸಿ, ಸುಗ್ಗಿಯ ದಿವಸಗಳಲ್ಲಿ ಪಂಚಾಯತಿಯ ಕಟ್ಟೆಯಲ್ಲಿ ಕೂಡಿಸುವದು. ಹೊಸ ಕಟ್ಟಳೆಗಳು ಬಂದಾಗ ಊರಿಗೆಲ್ಲ ತಿಳಿಸುವ ಭಾರವು ಅವರದಿರಲಿ.

ಗುರುತಿನ ಭಾಷೆಯು ಪ್ರಾಮಾಣಿಕತೆಯನ್ನು ಹುಟ್ಟಿಸಲಾರದು. ಕಲಬೆರಕೆಯ ಮಾಲಿಗೆ ಶುದ್ಧವೆಂದು ಗುರುತು ಹಚ್ಚಿದರೆ ಯಂತ್ರವು ಅದನ್ನು ಶುದ್ಧವೆಂದೇ ಜಗತ್ತಿಗೆ ಸಾರುವದು; ಆದರೆ ಗಿರಣಿಯಲ್ಲಿ ಬೇಲು ಬಿಚ್ಚಿದ ದಿನ ಆ ಗುರುತಿನ ಜೊತೆಗೆ ಸೀಮೆಯ ಹೆಸರೂ ಕೆಡುವದು. ೧೮೬೩ರಲ್ಲಿ ಕಾಯಿದೆ ಮಾಡಬೇಕಾಗಿ ಬಂದ ಕಾರಣವು ಇಂದಿಗೂ ಸತ್ತಿಲ್ಲ. ನಿಜವಾದ ಮಾಲು, ಅದನ್ನು ನಿಜವಾಗಿ ಹೇಳುವ ಚೀಟಿ, ಅದನ್ನು ಓದಿ ತಿಳಿಯುವ ಒಕ್ಕಲಿಗ ಈ ಮೂರೂ ಕೂಡಿದಲ್ಲಿ ಮಾತ್ರ ಹೊಸ ಪೇಟೆಯು ನಮ್ಮದಾಗುವದು. ಮೊದಲನೆಯದು ನಮ್ಮ ಭೂಮಿಯಲ್ಲಿದೆ. ಉಳಿದ ಎರಡನ್ನು ಬರುವ ಸುಗ್ಗಿಯೊಳಗೆ ಸಿದ್ಧಪಡಿಸುವ ಕೆಲಸವನ್ನು ಊರಿನ ಹಿರಿಯರು ಕೈಕೊಳ್ಳುವರೆಂದು ನಂಬಲಾಗಿದೆ.